ಕುಂಡದಲ್ಲಿ ಸಂಪಿಗೆಯನ್ನು ಬೆಳೆಸುವ ಕ್ರಮ

ಸಂಪಿಗೆಯ ಹೂವನ್ನು ಅರಿಯದ ಮನೆ ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ದೇವರ ಪೂಜೆಗೂ ಹೆಂಗಸರ ಮುಡಿಗೂ ಈ ಹೂವು ಬೇಕೇ ಬೇಕು. ಆದರೆ ಸಂಪಿಗೆಯು ನೆಲದಲ್ಲಿ ಬಿಟ್ಟರೆ ದೊಡ್ಡ ಮರವಾಗುವ ಜಾತಿಯದು; ಪಶ್ಚಿಮ ಘಟ್ಟದ ನಿತ್ಯಹಸುರಿನ ಕಾಡುಗಳಲ್ಲಿ ನೂರಡಿಯನ್ನು ಮೀರಿ ಬೆಳೆಯುವುದುಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ದೈವವೆಂದು ಪೂಜಿಸುವ ದೊಡ್ಡಸಂಪಿಗೆಯನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹಿತ್ತಿಲು ಕಿರಿದಾದವರು ಇಂಥ ಮರವನ್ನು ಎಲ್ಲಿ ನೆಟ್ಟಾರು? ಆದಕಾರಣ ಇದನ್ನು ಕುಂಡದಲ್ಲಿಟ್ಟು ಮನೆಯೊಳಗೆ ಬೆಳೆಸಬಹುದೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಮ್ಯಾಗ್ನೋಲಿಯ ಎಂಬ ಹೆಸರಿನ ಸಸಿಗಳನ್ನು ಮನೆಯೊಳಗಿನ ಗಿಡವೆಂದು ಹೆಚ್ಚಿನ ಬೆಲೆಗೆ ಕೊಂಡು, ವರ್ಷ ತುಂಬುವುದರೊಳಗೆ ಹಣವನ್ನೂ ಗಿಡವನ್ನೂ ಕಳೆದುಕೊಂಡವರೂ ಉಂಟು. ಇಂಥ ನಷ್ಟವು ತಪ್ಪಲೆಂದು ಈ ಬೇಸಾಯದ ಕ್ರಮವನ್ನು ಇಲ್ಲಿ ವಿವರಿಸಲಾಗುವುದು.

ಹೆಸರಿನ ವಿಚಾರ

ಮ್ಯಾಗ್ನೋಲಿಯ ಎಂಬುದು ನಮಗೆ ಹೊಸ ಗಿಡವಲ್ಲ. ಫ್ರಾನ್ಸ್ ದೇಶದ ಮಾಂಪೆಲಿಯೆ ಪಟ್ಟಣದಲ್ಲಿದ್ದ ಪಿಯರ್ ಮ್ಯಾಗ್ನೋಲ್ ಎಂಬ ಸಸ್ಯಶಾಸ್ತ್ರಜ್ಞನ ಗೌರವಾರ್ಥವಾಗಿ ಈ ಕುಲಕ್ಕೆ ಆ ಹೆಸರು ಬಂದಿತು. 1753ರಲ್ಲಿ ಲಿನೇಯಸ್ ಪಂಡಿತನು ನಮ್ಮ ಸಂಪಿಗೆಯನ್ನು ಮೈಕೇಲಿಯ ಚಂಪಕ ಎಂದು ಬೇರೆ ಕುಲದಲ್ಲಿ ಸೇರಿಸಿದ್ದನು. ಈಗಿನ ಶಾಸ್ತ್ರಜ್ಞರು ಆ ಎರಡು ಕುಲಗಳನ್ನೂ ಒಂದುಗೂಡಿಸಿ, ಸಂಪಿಗೆಯನ್ನು ಮ್ಯಾಗ್ನೋಲಿಯ ಚಂಪಕ ಎಂದು ಕರೆಯುತ್ತಾರೆ. ಎಂದರೆ ಅಂಗಡಿಯ ಮ್ಯಾಗ್ನೋಲಿಯವೂ ನಮ್ಮ ಹಿತ್ತಿಲಿನ ಸಂಪಿಗೆಯೂ ಒಂದೇ ವಂಶದವು.

ಹೆಸರಿನಲ್ಲಿ ಸಂಪಿಗೆ ಇದ್ದ ಮಾತ್ರಕ್ಕೆ ಎಲ್ಲವೂ ಸಂಪಿಗೆಯಲ್ಲ. ನಾಗಸಂಪಿಗೆಯು ಸುರಗಿಗೆ ಹತ್ತಿರದ ಬೇರೊಂದು ಮರ. ಗೋಸಂಪಿಗೆಯು ಕಣಗಿಲೆಯ ಬಳಗಕ್ಕೆ ಸೇರಿದ, ಹಾಲು ಸುರಿಯುವ ಗಿಡ. ಮನೋರಂಜಿನಿ ಎಂಬ ಹಸುರು ಸಂಪಿಗೆಯು ಸೀತಾಫಲದ ವರ್ಗದ್ದು. ಇವುಗಳ ಬೇಸಾಯಕ್ಕೆ ಈ ಲೇಖನದ ಸೂಚನೆಗಳು ಅನ್ವಯಿಸುವುದಿಲ್ಲ.

ಕುಂಡಕ್ಕೆ ತಕ್ಕ ಜಾತಿಗಳು

ಹಳದಿ ಅಥವಾ ಕೆಂಡಸಂಪಿಗೆ: ಕಸಿ ಕಟ್ಟಿದ ಗಿಡವಾದರೆ ದೊಡ್ಡ ಕುಂಡದಲ್ಲಿ ಐದಾರು ಅಡಿಯ ಎತ್ತರದಲ್ಲಿ ನಿಲ್ಲಿಸಿಕೊಂಡು ಹೂವನ್ನು ಪಡೆಯಬಹುದು.

ಬಿಳಿ ಸಂಪಿಗೆ: ಇದು ಎರಡು ಜಾತಿಗಳ ಸಂಕರದಿಂದ ಹುಟ್ಟಿದುದು. ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಕಸಿಯಿಂದಲೋ ಗೂಟಿಯಿಂದಲೋ ವೃದ್ಧಿಯಾಗಬೇಕು. ಬಿಳಿ ಸಂಪಿಗೆಯ ಬೀಜದ ಸಸಿಯೆಂದು ಯಾರಾದರೂ ತಂದರೆ ಸಂಶಯಪಡುವುದು ಯುಕ್ತ.

ದಕ್ಷಿಣ ಚೀಣದ ಎರಡು ಪೊದೆಗಳು: ಮ್ಯಾಗ್ನೋಲಿಯ ಫಿಗೋ ಎಂಬುದರ ಹೂವು ಕಳಿತ ಬಾಳೆಹಣ್ಣಿನಂತೆ ಕಮ್ಮಗಿರುವುದು. ಮ್ಯಾಗ್ನೋಲಿಯ ಕೋಕೋ ಎಂಬುದು ರಾತ್ರಿಯಲ್ಲಿ ಪರಿಮಳ ಬೀರುವುದು. ಇವು ಸ್ವಭಾವದಿಂದಲೇ ಗಿಡ್ಡ ಪೊದೆಗಳಾದುದರಿಂದ ಕುಂಡಕ್ಕೆ ಎಲ್ಲಕ್ಕಿಂತ ಉತ್ತಮ. ನಡುಹಗಲಿನ ನೆರಳನ್ನೂ ಇವು ಸಹಿಸುತ್ತವೆ.

ದೊಡ್ಡ ಹೂವಿನ ಮ್ಯಾಗ್ನೋಲಿಯ: ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ ಮರ. ಇದರಲ್ಲಿ ಲಿಟಲ್ ಜೆಮ್ ಎಂಬ ಚಿಕ್ಕ ತಳಿಯುಂಟು. ಅದನ್ನು ತೊಟ್ಟಿಯಷ್ಟು ದೊಡ್ಡ ಕುಂಡದಲ್ಲಿ ಬೆಳೆಸಬಹುದು.

ಜಪಾನಿನ ನಕ್ಷತ್ರ ಮ್ಯಾಗ್ನೋಲಿಯ ಮೊದಲಾದ ಎಲೆ ಉದುರುವ ಜಾತಿಗಳು ಚಿತ್ರದಲ್ಲಿ ನೋಡಲು ಬಹು ಸೊಗಸು. ಆದರೆ ಅವು ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಕೆಲವು ವಾರಗಳ ಕಡುಚಳಿಯು ಬೇಕು. ನಮ್ಮ ಬಯಲು ಸೀಮೆಯಲ್ಲಿ ಅದು ದೊರೆಯದು. ಇವುಗಳ ಮೇಲೆ ಹಣ ವೆಚ್ಚ ಮಾಡತಕ್ಕದ್ದಲ್ಲ.

ಮನೆಯೊಳಗೆ ಎಂದರೆ ಎಲ್ಲಿ?

ಈ ಬೇಸಾಯದ ಸೋಲು ಗೆಲುವೆಲ್ಲವೂ ಈ ಪ್ರಶ್ನೆಯಲ್ಲಿ ಅಡಗಿದೆ. ಸಂಪಿಗೆಯು ಬಿಸಿಲಿನ ಗಿಡ. ದಿನಕ್ಕೆ ನಾಲ್ಕರಿಂದ ಆರು ಗಂಟೆಗಳ ಬಿಸಿಲು ಬೀಳದಿದ್ದರೆ ಮೊಗ್ಗು ಕಟ್ಟುವುದಿಲ್ಲ. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗನೆ ಹೊಂದಿಕೊಳ್ಳುವುದರಿಂದ, ಕೋಣೆಯ ನಡುವೆ ಸಾಕಷ್ಟು ಬೆಳಕಿದೆಯೆಂದು ತೋರುತ್ತದೆ. ವಾಸ್ತವವಾಗಿ ಕಿಟಕಿಯಿಂದ ಕೆಲವೇ ಅಡಿಗಳಷ್ಟು ಒಳಗೆ ಸರಿದರೆ, ಬೆಳಕು ಹೊರಗಿನದರ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿರುತ್ತದೆ. ಅಲ್ಲಿಟ್ಟ ಗಿಡವು ಕೂಡಲೇ ಸಾಯುವುದಿಲ್ಲ. ಕಾಂಡದಲ್ಲಿ ಕೂಡಿಟ್ಟ ಆಹಾರವನ್ನು ತಿನ್ನುತ್ತಾ ಐದಾರು ತಿಂಗಳು ಕಳೆಯುತ್ತದೆ. ಆಮೇಲೆ ಕೆಳಗಿನ ಎಲೆಗಳು ಉದುರಿ, ಹೊಸ ಚಿಗುರು ಉದ್ದುದ್ದವಾಗಿ ಬಿಳಿಚಿಕೊಳ್ಳುತ್ತದೆ. ಆಗ ನೀರು ಸಾಲದೆಂದು ಭಾವಿಸಿ ಮತ್ತಷ್ಟು ನೀರೆರೆದರೆ ಬೇರು ಕೊಳೆತು ಗಿಡವು ಕೊನೆಗಾಣುತ್ತದೆ.

ಇದಕ್ಕೆ ಹಳೆಯ ದೃಷ್ಟಾಂತವೊಂದು ಫ್ರಾನ್ಸ್ ದೇಶದಿಂದಲೇ ದೊರೆಯುತ್ತದೆ. 1711ರ ಸುಮಾರಿನಲ್ಲಿ ಅಮೆರಿಕದಿಂದ ಬಂದ ದೊಡ್ಡ ಹೂವಿನ ಮ್ಯಾಗ್ನೋಲಿಯದ ಸಸಿಯೊಂದನ್ನು ನಾಂತ್ ಪಟ್ಟಣದ ಸಮೀಪದ ಶ್ರೀಮಂತರೊಬ್ಬರು ಚಳಿಗೆ ಹೆದರಿ ಸಸ್ಯಗೃಹದೊಳಗೆ ಕಾಪಾಡಿದರು. ಸುಮಾರು ಇಪ್ಪತ್ತು ವರ್ಷ ಅದು ಒಂದು ಹೂವನ್ನೂ ಬಿಡಲಿಲ್ಲ. ನಿಷ್ಫಲವೆಂದು ಹೊರಗೆ ಹಾಕಿದ ಮೇಲೆ, ಬಯಲಿನ ಬೆಳಕಿನಲ್ಲಿ ಬೇರೂರಿ ಅದು ಹೂವಾಯಿತೆಂದು ತೋಟಗಾರಿಕೆಯ ಚರಿತ್ರೆಗಳು ಹೇಳುತ್ತವೆ.

ಆದುದರಿಂದ ಮನೆಯೊಳಗೆ ಎಂಬುದನ್ನು ನಮ್ಮ ಹಿರಿಯರು ಮನೆ ಕಟ್ಟಿದ ಕ್ರಮದಲ್ಲಿಯೇ ತಿಳಿಯಬೇಕು. ತೊಟ್ಟಿಯ ಮನೆಯ ನಡುವಣ ತೆರೆದ ಅಂಗಳ, ಪೂರ್ವಕ್ಕೆ ಮುಖವಾದ ಜಗಲಿ, ಬಿಸಿಲು ಬೀಳುವ ಹಜಾರದ ಅಂಚು, ತಾರಸಿ, ಇವೇ ಕುಂಡದ ಸಂಪಿಗೆಗೆ ಸರಿಯಾದ ಸ್ಥಳಗಳು. ಬೆಳಗಿನ ಬಿಸಿಲು ಪೂರ್ಣವಾಗಿಯೂ ನಡುಹಗಲಿನ ಬಿಸಿಲು ಸ್ವಲ್ಪ ತಡೆದೂ ಬೀಳುವುದು ಶ್ರೇಷ್ಠ. ಹೂ ಬಿಟ್ಟಾಗ ಹಬ್ಬಹರಿದಿನಗಳಲ್ಲಿ ಎರಡು ಮೂರು ದಿನ ಕುಂಡವನ್ನು ಒಳಕ್ಕೆ ತಂದಿಡುವುದರಿಂದ ಹಾನಿಯಿಲ್ಲ. ಮುಚ್ಚಿದ ಮಲಗುವ ಕೋಣೆಯಲ್ಲಿ ಮಾತ್ರ ಇಡಬಾರದು. ಕಡು ಪರಿಮಳದಿಂದ ಕೆಲವರಿಗೆ ತಲೆನೋವು ಬರುತ್ತದೆ.

ಸಸಿಯನ್ನು ಆರಿಸುವುದು

ಬೀಜದಿಂದ ಬಂದ ಸಂಪಿಗೆಯು ಹೂ ಬಿಡಲು ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬೇಕು; ಅಷ್ಟರಲ್ಲಿ ಅದು ಕುಂಡದ ಮಿತಿಯನ್ನು ದಾಟಿರುತ್ತದೆ. ಕಸಿಯ ಗಿಡವು ಎರಡು ಮೂರು ವರ್ಷಗಳಲ್ಲಿಯೇ ಹೂ ಬಿಡುತ್ತದೆ. ಹೀಗಿರುವಾಗ ಕಸಿಯ ಬೆಲೆಯನ್ನು ತೆತ್ತು ಬೀಜದ ಸಸಿಯನ್ನು ತರುವುದಕ್ಕಿಂತ ಮೋಸವು ಬೇರಿಲ್ಲ. ಕೊಳ್ಳುವವರು ಈ ಗುರುತುಗಳನ್ನು ನೋಡಿಕೊಳ್ಳಬೇಕು:

1. ಮಣ್ಣಿನಿಂದ ಅರ್ಧ ಅಡಿಯಿಂದ ಒಂದಡಿಯೊಳಗೆ ಕಾಂಡದಲ್ಲಿ ಕಸಿಯ ಗಂಟು ಕಾಣಬೇಕು. ಗಂಟಿನ ಕೆಳಗಿನ ಮತ್ತು ಮೇಲಿನ ತೊಗಟೆಯಲ್ಲಿ ಭೇದವಿರಬೇಕು. ಕಡ್ಡಿಯಂತೆ ನೆಟ್ಟಗೆ ಒಂದೇ ಸಮನಾಗಿರುವುದು ಬೀಜದ ಸಸಿ.

2. ಗಂಟಿನ ಕೆಳಗೆ ಚಿಗುರು ಒಡೆದಿರಬಾರದು. ಮನೆಗೆ ತಂದ ಮೇಲೆಯೂ ಅಲ್ಲಿ ಬರುವ ಚಿಗುರನ್ನು ಚಿವುಟುತ್ತಿರಬೇಕು. ಇಲ್ಲವಾದರೆ ಕಾಡುಭಾಗವು ಬೆಳೆದು ಕಸಿಯ ಭಾಗವು ಸೊರಗುತ್ತದೆ.

3. ಗಂಟನ್ನು ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯು ಕಾಂಡವನ್ನು ಬಿಗಿದು ಒಳಕ್ಕೆ ಹೋಗಿರಬಾರದು.

4. ಸಾಧ್ಯವಾದರೆ ಮೊಗ್ಗು ಅಥವಾ ಹೂವಿರುವ ಗಿಡವನ್ನೇ ಆರಿಸಬೇಕು. ಅದಕ್ಕಿಂತ ಬಲವಾದ ಸಾಕ್ಷಿಯಿಲ್ಲ.

ಕುಂಡ ಮತ್ತು ಮಣ್ಣು

ಮೊದಲಿಗೆ ಹನ್ನೆರಡು ಅಂಗುಲದ ಮಣ್ಣಿನ ಕುಂಡವು ಸಾಕು. ಎರಡು ವರ್ಷಕ್ಕೊಮ್ಮೆ ಎರಡು ಮೂರು ಅಂಗುಲ ದೊಡ್ಡದಾದ ಕುಂಡಕ್ಕೆ ಬದಲಾಯಿಸುತ್ತಾ, ಕಡೆಗೆ ಹದಿನೆಂಟರಿಂದ ಇಪ್ಪತ್ತನಾಲ್ಕು ಅಂಗುಲದ ಕುಂಡದಲ್ಲಿ ನಿಲ್ಲಿಸಬೇಕು. ಹೊಸ ಸಿಮೆಂಟಿನ ಕುಂಡವು ಸುಣ್ಣವನ್ನು ಬಿಡುವುದರಿಂದ, ಅದನ್ನು ಹದಿನೈದು ದಿನ ನೀರು ತುಂಬಿಸಿ ಚೆಲ್ಲಿ ಹದಗೊಳಿಸಿದ ಹೊರತು ಉಪಯೋಗಿಸಬಾರದು.

ತಳದ ರಂಧ್ರದ ಮೇಲೆ ಒಡೆದ ಹೆಂಚಿನ ಚೂರುಗಳನ್ನು ಬೋರಲಾಗಿಟ್ಟು, ಎರಡು ಭಾಗ ಕೆಂಪು ಮಣ್ಣು, ಎರಡು ಭಾಗ ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಭಾಗ ಹಳೆಯ ಕೊಟ್ಟಿಗೆಯ ಗೊಬ್ಬರ, ಒಂದು ಭಾಗ ದಪ್ಪ ಮರಳು, ಇವುಗಳನ್ನು ಬೆರೆಸಿ ತುಂಬಬೇಕು. ಎರೆಭೂಮಿಯ ಕರಿಮಣ್ಣೂ ಸುಣ್ಣಕಲ್ಲಿನ ಮಣ್ಣೂ ಈ ಗಿಡಕ್ಕೆ ಆಗದು.

ಈ ವಂಶದ ಗಿಡಗಳ ಬೇರು ಮಾಂಸಲವಾಗಿ, ಸುಲಭವಾಗಿ ಮುರಿಯುವಂಥದು. ಮುರಿದ ಬೇರು ಬಹು ನಿಧಾನವಾಗಿ ಚೇತರಿಸುತ್ತದೆ. ಕುಂಡ ಬದಲಾಯಿಸುವಾಗ ಮಣ್ಣಿನ ಮುದ್ದೆಯನ್ನು ಒಡೆಯದೆ ಇಡಿಯಾಗಿ ಎತ್ತಿಡಬೇಕು. ಮೇಲ್ಮಣ್ಣನ್ನು ಆಳವಾಗಿ ಕೆದಕಬಾರದು. ಈ ಕೆಲಸಕ್ಕೆ ಮುಂಗಾರಿನ ಮೊದಲ ಮಳೆಗಳ ಕಾಲವು ಪ್ರಶಸ್ತ.

ನೀರು ಮತ್ತು ಗೊಬ್ಬರ

ಮಣ್ಣಿನಲ್ಲಿ ಬೆರಳನ್ನು ಒಂದು ಅಂಗುಲ ತೂರಿಸಿ ನೋಡಿ, ಒಣಗಿದ್ದರೆ ತಳದಿಂದ ನೀರು ಹರಿಯುವಷ್ಟು ಎರೆಯಬೇಕು; ಒದ್ದೆಯಿದ್ದರೆ ಬಿಡಬೇಕು. ಬೇಸಗೆಯಲ್ಲಿ ಬಹುಶಃ ಪ್ರತಿದಿನವೂ ಬೇಕಾದೀತು. ಮಳೆಗಾಲದಲ್ಲಿ ವಾರಕ್ಕೊಮ್ಮೆಯೂ ಬೇಡವಾದೀತು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು.

ಬಯಲು ಸೀಮೆಯ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿ ಸುಣ್ಣದ ಅಂಶವು ಹೆಚ್ಚು. ಇದೇ ನೀರನ್ನು ಎರೆಯುತ್ತಾ ಬಂದರೆ ಎಳೆಯ ಎಲೆಗಳು ನರವು ಮಾತ್ರ ಹಸುರಾಗಿದ್ದು ನಡುವೆ ಹಳದಿಯಾಗುತ್ತವೆ. ಇದು ರೋಗವಲ್ಲ, ಮಣ್ಣಿನಲ್ಲಿ ಸುಣ್ಣವು ಹೆಚ್ಚಿ, ಬೇರಿಗೆ ಕಬ್ಬಿಣದ ಅಂಶವು ದೊರೆಯದಿರುವ ಲಕ್ಷಣ. ಒಂದು ಲೀಟರು ನೀರಿಗೆ 2 ಗ್ರಾಂ ಅನ್ನಭೇದಿಯನ್ನೂ ಕೆಲವು ಹನಿ ನಿಂಬೆಯ ರಸವನ್ನೂ ಬೆರೆಸಿ, ಸಂಜೆಯ ವೇಳೆ ಎಲೆಗಳ ಮೇಲೆ ಸಿಂಪಡಿಸಬೇಕು. ಹದಿನೈದು ದಿನದ ಮೇಲೆ ಮತ್ತೊಮ್ಮೆ ಮಾಡಬೇಕು. ಆದರೆ ನೀರನ್ನು ಬದಲಿಸದೆ ಔಷಧವನ್ನು ಮಾತ್ರ ಕೊಟ್ಟರೆ ಹಳದಿಯು ಮತ್ತೆ ಬರುತ್ತದೆ. ಹೆಂಚಿನ ಮಾಡಿನಿಂದ ಇಳಿಯುವ ಮಳೆಯ ನೀರನ್ನು ಪೀಪಾಯಿಗಳಲ್ಲಿ ಹಿಡಿದಿಟ್ಟು, ಕುಂಡಗಳಿಗೆಂದೇ ಮೀಸಲಿಡುವುದು ಇದಕ್ಕೆ ನಿಜವಾದ ಪರಿಹಾರ.

ಜೂನ್ ತಿಂಗಳಲ್ಲಿಯೂ ಅಕ್ಟೋಬರ್ ತಿಂಗಳಲ್ಲಿಯೂ ಮೇಲ್ಮಣ್ಣನ್ನು ಒಂದು ಅಂಗುಲದಷ್ಟು ತೆಗೆದು, ಹಳೆಯ ಕೊಟ್ಟಿಗೆಯ ಗೊಬ್ಬರಕ್ಕೆ ಒಂದು ಹಿಡಿ ಬೇವಿನ ಹಿಂಡಿಯನ್ನೋ ಹೊಂಗೆಯ ಹಿಂಡಿಯನ್ನೋ ಕೂಡಿಸಿ ತುಂಬಬೇಕು. ಹಸಿಯ ಗೊಬ್ಬರವು ಬೇರನ್ನು ಸುಡುತ್ತದೆ. ಬೂದಿಯಲ್ಲಿ ಕ್ಷಾರವಿರುವುದರಿಂದ ಅದನ್ನು ಈ ಗಿಡಕ್ಕೆ ಹಾಕಬಾರದು.

ಸವರುವುದು ಮತ್ತು ಕೀಟಗಳು

ಗಿಡವನ್ನು ಗಿಡ್ಡವಾಗಿರಿಸಲು ಎಳೆಯ ಕುಡಿಗಳನ್ನು ಚಿವುಟುವುದೇ ಮೇಲು. ದಪ್ಪ ಕೊಂಬೆಯನ್ನು ಕಡಿದ ಗಾಯವು ಸಂಪಿಗೆಯಲ್ಲಿ ಬೇಗ ಮಾಯುವುದಿಲ್ಲ. ಸವರಲೇ ಬೇಕಾದರೆ ಹೂವಿನ ಕಾಲ ಕಳೆದ ಮೇಲೆ ಸ್ವಲ್ಪ ಸ್ವಲ್ಪವಾಗಿ ಸವರಬೇಕು.

ಎಲೆಗಳ ಮೇಲೆ ಮಸಿ ಬಳಿದಂತೆ ಕಪ್ಪು ಕಂಡರೆ, ಇರುವೆಗಳು ಕಾಂಡದ ಮೇಲೆ ಸಾಲು ಕಟ್ಟಿದ್ದರೆ, ಎಲೆಯ ಅಡಿಯನ್ನು ನೋಡಬೇಕು. ಅಲ್ಲಿ ಹಿಟ್ಟುತಿಗಣೆಯೋ, ಚಿಪ್ಪಿನಂತೆ ಅಂಟಿಕೊಂಡ ಶಲ್ಕಕೀಟವೋ ರಸ ಹೀರುತ್ತಿರುತ್ತದೆ. ಅವು ಸುರಿಸುವ ಅಂಟಿನ ಮೇಲೆ ಬೂಷ್ಟು ಬೆಳೆದು ಮಸಿಯಂತೆ ಕಾಣುತ್ತದೆ. ಒದ್ದೆ ಬಟ್ಟೆಯಿಂದ ಎಲೆ ಕಾಂಡಗಳನ್ನು ಒರೆಸಿ, ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆಯನ್ನೂ ಸ್ವಲ್ಪ ಸಾಬೂನನ್ನೂ ಕಲಕಿ, ವಾರಕ್ಕೊಮ್ಮೆಯಂತೆ ಮೂರು ಬಾರಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಇದನ್ನು ಬಿಸಿಲಿನಲ್ಲಿ ಮಾಡಬಾರದು.

ಹಳೆಯ ಮರಗಳ ವಂಶರಕ್ಷಣೆ

ಗ್ರಾಮಮುಖ್ಯರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ದೇವಸ್ಥಾನದ ಬಳಿಯಲ್ಲಿಯೋ ಹಳೆಯ ತೋಟದ ಮೂಲೆಯಲ್ಲಿಯೋ ಒಳ್ಳೆಯ ಬಣ್ಣ, ಒಳ್ಳೆಯ ಪರಿಮಳದ ಸಂಪಿಗೆಯ ಮರವೊಂದು ಅನೇಕ ಊರುಗಳಲ್ಲಿರುತ್ತದೆ. ರಸ್ತೆಯ ಅಗಲೀಕರಣಕ್ಕೋ ಹೊಸ ಕಟ್ಟಡಕ್ಕೋ ಅದು ಉರುಳಿದ ದಿನ ಆ ಗುಣವೂ ಊರಿನಿಂದ ಹೋಗುತ್ತದೆ. ಅದರ ಬೀಜವನ್ನು ಬಿತ್ತಿದರೆ ತಾಯಿಯ ಗುಣವೇ ಬರುವುದೆಂಬ ಭರವಸೆಯಿಲ್ಲ. ಮರವು ನಿಂತಿರುವಾಗಲೇ ಕಸಿ ಕಟ್ಟಬೇಕು.

ಮೊದಲು ಬೀಜದ ಸಸಿಗಳು ಸಿದ್ಧವಿರಬೇಕು. ಸಂಪಿಗೆಯ ಬೀಜವು ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತದೆ. ಕಾಯಿ ಬಿರಿದು ಬೀಜ ಕಂಡೊಡನೆ ತೆಗೆದು, ಮೇಲಿನ ಕೆಂಪು ತಿರುಳನ್ನು ಮರಳಿನಲ್ಲಿ ಉಜ್ಜಿ ತೊಳೆದು, ನೆರಳಿನಲ್ಲಿ ಕೂಡಲೇ ಬಿತ್ತಬೇಕು. ಮೊಳೆಯಲು ಒಂದೆರಡು ತಿಂಗಳು ಹಿಡಿಯುತ್ತದೆ. ಪೆನ್ಸಿಲಿನಷ್ಟು ದಪ್ಪವಾದ, ಒಂದು ವರ್ಷದ ಸಸಿಯನ್ನು ಚಿಕ್ಕ ಕುಂಡದೊಡನೆ ಮಳೆಗಾಲದಲ್ಲಿ ಹಳೆಯ ಮರದ ಬಳಿಗೆ ಒಯ್ದು, ಅಟ್ಟಣೆಯ ಮೇಲಿಟ್ಟು, ಅಷ್ಟೇ ದಪ್ಪದ ಕೊಂಬೆಯೊಂದನ್ನು ಆರಿಸಬೇಕು. ಎರಡರಲ್ಲಿಯೂ ಎರಡು ಅಂಗುಲದುದ್ದಕ್ಕೆ ತೊಗಟೆಯನ್ನು ಸ್ವಲ್ಪ ಮರದೊಡನೆ ಹೆರೆದು, ಹೆರೆದ ಮುಖಗಳನ್ನು ಒಂದಕ್ಕೊಂದು ಕೂಡಿಸಿ, ಬಾಳೆಯ ನಾರಿನಿಂದಲೋ ಪ್ಲಾಸ್ಟಿಕ್ ಪಟ್ಟಿಯಿಂದಲೋ ಬಿಗಿಯಾಗಿ ಕಟ್ಟಬೇಕು. ಎರಡು ಮೂರು ತಿಂಗಳಲ್ಲಿ ಎರಡೂ ಬೆಸೆದುಕೊಳ್ಳುತ್ತವೆ. ಆಗ ಬೆಸುಗೆಯ ಕೆಳಗೆ ತಾಯಿಯ ಕೊಂಬೆಯನ್ನು ಅರ್ಧದಷ್ಟು ಕೊಯ್ದು, ಹದಿನೈದು ದಿನದ ಮೇಲೆ ಪೂರ್ತಿ ಬೇರ್ಪಡಿಸಿ, ಬೆಸುಗೆಯ ಮೇಲಿರುವ ಸಸಿಯ ತಲೆಯನ್ನು ಕತ್ತರಿಸಬೇಕು. ಹೀಗೆ ಮಾಡಿದ ಗಿಡಗಳನ್ನು ಒಂದು ತಿಂಗಳು ನೆರಳಿನಲ್ಲಿರಿಸಿ, ಅನಂತರ ಕ್ರಮವಾಗಿ ಬಿಸಿಲಿಗೆ ತರಬೇಕು.

ಊರಿನಲ್ಲಿ ಇಂಥ ಮರವೊಂದಿದ್ದರೆ ಈ ಮಳೆಗಾಲದಲ್ಲಿಯೇ ನಾಲ್ಕಾರು ಕಸಿಗಳನ್ನು ಕಟ್ಟಿಸಿ, ನಾಲ್ಕಾರು ಮನೆಗಳ ಅಂಗಳದಲ್ಲಿ ಹಂಚಿ ಇರಿಸುವುದು ಯೋಗ್ಯ. ಒಂದು ಮನೆಯಲ್ಲಿ ಗಿಡ ಹೋದರೂ ಇನ್ನೊಂದು ಮನೆಯಲ್ಲಿ ಉಳಿಯುತ್ತದೆ. ಕಸಿ ಕಟ್ಟುವುದನ್ನು ಕೈಯಾರೆ ನೋಡಿ ಕಲಿಯಬೇಕೆನ್ನುವವರು ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಅಧಿಕಾರಿಗಳನ್ನು ಕಾಣಬಹುದು.