ಬರೆ ಹಿಡಿಯಲು ಗೊಬ್ಬರದ ಗಿಡವೊ, ಲಾವಂಚವೊ?

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಅಡಿಕೆ ತೋಟಗಳು ಹೆಚ್ಚಾಗಿ ಗುಡ್ಡದ ಬುಡದಲ್ಲಿವೆ. ಗುಡ್ಡ ಕಡಿದು ತೋಟ ಮಾಡಿದಲ್ಲಿ ಬರೆ ಉಳಿಯುತ್ತದೆ. ಆಟಿಯ ಮಳೆಗೆ ಅದೇ ಬರೆ ಜರಿದು ಕಣಿ ತುಂಬುತ್ತದೆ. ಬರೆಯ ಮೇಲೆ ಗೊಬ್ಬರದ ಗಿಡದ ಗೂಟ ಊರಿದ್ದೇವೆ, ಇನ್ನು ಭಯವಿಲ್ಲ ಎಂದು ನೀವು ನಂಬಿದ್ದರೆ ಸ್ವಲ್ಪ ಯೋಚಿಸಿ.

ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ಮರ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಒಂದೊಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೊ ಹಸಿರೆಲೆ ಕೊಡಬೇಕೆಂಬುದು ಶಿಫಾರಸು. ಕಾಡಿನ ಸೊಪ್ಪು ಸಿಗದ ಈ ದಿನಗಳಲ್ಲಿ ಅದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಫೆಬ್ರವರಿ ಸುಮಾರಿಗೆ ಎಲೆ ಉದುರಿಸಿ ನಸುಗೆಂಪು ಹೂ ಹೊತ್ತು ನಿಂತಾಗ ನೋಡಲು ಚಂದವೇ. ಆದರೆ ಮರದ ತುಂಬ ಹೂ ಬಂತೆಂದರೆ ನೀವು ಕಾಲಕ್ಕೆ ಸವರಿಲ್ಲವೆಂದು ಅರ್ಥ. ಮಳೆಗೆ ಮುನ್ನ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಸವರಬೇಕು.

ಮಣ್ಣು ಹಿಡಿಯುವ ಮಾತು ಬೇರೆ. ಗೂಟದಿಂದ ಬೆಳೆದ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಬೇರುಗಳು ಮೇಲ್ಮಣ್ಣಿನಲ್ಲೇ ಹರಡುತ್ತವೆ. ಮೇಲೆ ದೊಡ್ಡ ತಲೆ, ಕೆಳಗೆ ಹಿಡಿತವಿಲ್ಲ. ಮಣ್ಣು ನೆನೆದಾಗ ಗಾಳಿ ಬೀಸಿದರೆ ಮರ ಬರೆಯನ್ನೂ ಎಳೆದುಕೊಂಡು ಬೀಳಬಹುದು. ಅಲ್ಲಿ ನೆಡುವುದೇ ಆದರೆ ಬೀಜದ ಸಸಿ ನೆಟ್ಟು, ಮೂರಡಿಗೆ ಸವರಿ ಗಿಡ್ಡವಾಗಿಡಿ.

ಲಾವಂಚ ನಮ್ಮದೇ ನೆಲದ ಹುಲ್ಲು. ಬೇರು ನೇರ ಕೆಳಗಿಳಿಯುತ್ತದೆ. ಸಡಿಲ ಮಣ್ಣಿನಲ್ಲಿ 10 ಅಡಿಯವರೆಗೂ ಹೋಗುತ್ತದೆ. ಒತ್ತಾಗಿ ನೆಟ್ಟ ಸಾಲು ನೀರಿನ ರಭಸ ಮುರಿದು, ಮಣ್ಣನ್ನು ಹಿಂದೆಯೇ ನಿಲ್ಲಿಸಿ ನೀರನ್ನು ಮಾತ್ರ ಬಿಡುತ್ತದೆ. ಇದು ಹೊಸ ಸಂಗತಿಯಲ್ಲ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಡುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸಂರಕ್ಷಣೆಗೆಂದು ಅದನ್ನೇ ಪ್ರಚಾರ ಮಾಡಿದರು.

ಜೂನ್ ಮೊದಲ ಮಳೆಗೆ, ಎರಡು ಮೂರು ತೆಂಡೆಗಳಿರುವ ಬುಡಗಳನ್ನು 4ರಿಂದ 6 ಅಂಗುಲಕ್ಕೊಂದರಂತೆ ಬರೆಯ ಮೇಲಂಚಿನುದ್ದಕ್ಕೂ ಸಮಮಟ್ಟದಲ್ಲಿ ನೆಡಿ. ಒಂದು ಬುಡ ಸತ್ತರೂ ನೀರು ಅಲ್ಲಿಯೇ ನುಗ್ಗುತ್ತದೆ, ಕೂಡಲೇ ಬೇರೆ ನೆಡಿ. ಮೊದಲ ವರ್ಷ ದನಗಳಿಂದ ಕಾಪಾಡಿ. ಇದಕ್ಕೊಂದು ದೊಡ್ಡ ದೋಷವಿದೆ: ನೆರಳು ಆಗದು. ಸವರದೆ ಬಿಟ್ಟ ಗೊಬ್ಬರದ ಗಿಡದಡಿ ಲಾವಂಚ ಸೊರಗುತ್ತದೆ. ಆದ್ದರಿಂದ ಬಿಸಿಲು ಬೀಳುವ ಬರೆಯಂಚನ್ನು ಹುಲ್ಲಿಗೆ ಬಿಡಿ, ಬೇಲಿಸಾಲನ್ನು ಮರಕ್ಕೆ ಕೊಡಿ.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆ ಗುಡ್ಡಗಳೇ ಕುಸಿದು, ಹೊಳೆ ಉಕ್ಕಿ ತೋಟಗಳಲ್ಲಿ ಮರಳು ತುಂಬಿದ್ದು ನಿಮಗೆ ನೆನಪಿರಬಹುದು. ಅಂಥ ಕುಸಿತವನ್ನು ಹುಲ್ಲಾಗಲಿ ಮರವಾಗಲಿ ತಡೆಯಲಾರದು. ನಾನು ಹೇಳುತ್ತಿರುವುದು ವರ್ಷವರ್ಷವೂ ಜರಿಯುವ ಆಳೆತ್ತರದ ಬರೆಯ ಮಾತು. ಅಲ್ಲಿಯೂ ಗುಡ್ಡದ ನೀರನ್ನು ಮೇಲೆಯೇ ಕಣಿ ತೆಗೆದು ಬದಿಗೆ ತಿರುಗಿಸಿದ ಮೇಲೆಯೇ ಹುಲ್ಲು ನೆಡುವ ಕೆಲಸ.

ಇನ್ನೊಂದು. ಲಾವಂಚದ ಬೇರಿಗೆ ಪೇಟೆಯಲ್ಲಿ ಬೆಲೆಯಿದೆಯೆಂದು ಬರೆಯ ಸಾಲನ್ನು ಅಗೆಯಬೇಡಿ. ಮಾರುವುದಕ್ಕೆ ಬೇಕಾದರೆ ಬಯಲಿನಲ್ಲಿ ಬೇರೆಯೇ ಬೆಳೆಯಿರಿ.