ಸೊಂಟದಲ್ಲಿ ಎಷ್ಟು, ಕೊಟ್ಟಿಗೆಯಲ್ಲಿ ಎಷ್ಟು

ಹಳ್ಳಿಯಲ್ಲಿ ಬದುಕುವವರು ಬೆಳಿಗ್ಗೆ ಮನೆಯ ಮೆಟ್ಟಿಲಿಳಿಯುವಾಗ ಯಾವ ಸಲಕರಣೆಯನ್ನು ಮೈಮೇಲೆ ಒಯ್ಯಬೇಕು, ಯಾವುದನ್ನು ಕೊಟ್ಟಿಗೆಯ ಗೋಡೆಗೆ ಬಿಡಬೇಕು ಎಂಬುದು ಬಯಲಿನ ಊರುಗಳಲ್ಲಿ ಅಷ್ಟಾಗಿ ಕಾಡದ ಪ್ರಶ್ನೆಯಾದರೂ, ಮಲೆನಾಡಿನ ಅಡಿಕೆ ಸೀಮೆಯಲ್ಲಿ ಅದಕ್ಕೆ ಸಾಕಷ್ಟು ತೂಕವಿದೆ. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರ, ತೀರ್ಥಹಳ್ಳಿ, ಶೃಂಗೇರಿಯ ಕಡೆ ತೋಟಗಳು ಸಾಮಾನ್ಯವಾಗಿ ಕಣಿವೆಯ ತಳದಲ್ಲಿರುತ್ತವೆ, ಮನೆ ಅದರ ಅಂಚಿನ ದಿಬ್ಬದ ಮೇಲಿರುತ್ತದೆ, ಗೊಬ್ಬರಕ್ಕೆ ಬೇಕಾದ ಹಸಿರೆಲೆ ಮತ್ತು ದರಕನ್ನು (ಒಣ ತರಗೆಲೆಯನ್ನು) ತರುವ ಕಾಡಿನ ತುಂಡು, ಅಂದರೆ ಸೊಪ್ಪಿನ ಬೆಟ್ಟ, ಇನ್ನೂ ಮೇಲಕ್ಕಿರುತ್ತದೆ. ಮರೆತುಬಂದ ಒಂದು ಕತ್ತಿಗಾಗಿ ಈ ಏರನ್ನು ಹತ್ತಿ ಮತ್ತೆ ಇಳಿಯುವಷ್ಟರಲ್ಲಿ ಬೆಳಗಿನ ತಂಪು ಹೊತ್ತು ಕಳೆದುಹೋಗುತ್ತದೆ. ಹಾಗಾಗಿ ಇಲ್ಲಿ ಸಲಕರಣೆಯ ಆಯ್ಕೆ ಎನ್ನುವುದು ನಡಿಗೆಯ ಲೆಕ್ಕಾಚಾರವೇ ಆಗಿದೆ: ಯಾವುದು ಇಲ್ಲದಿದ್ದರೆ ಹಿಂತಿರುಗಿ ನಡೆಯಬೇಕಾಗುತ್ತದೆಯೋ ಅದು ಸೊಂಟಕ್ಕೆ, ಯಾವುದು ಇಲ್ಲದೆಯೂ ಮಧ್ಯಾಹ್ನದವರೆಗೆ ದೂಡಬಹುದೋ ಅದು ಕೊಟ್ಟಿಗೆಗೆ.

ನಗರದ ಉದ್ಯೋಗ ಬಿಟ್ಟು ತೋಟಕ್ಕೆ ಮರಳಿದ ಹೊಸಬರು ಈ ಲೆಕ್ಕವನ್ನು ಹೆಚ್ಚಾಗಿ ತಿರುವುಮುರುವಾಗಿ ಹಾಕುತ್ತಾರೆ. ಅವರ ಮನಸ್ಸಿನಲ್ಲಿರುವುದು ಚಾಕು, ಇಕ್ಕಳ, ಸ್ಕ್ರೂಡ್ರೈವರ್, ಗರಗಸಗಳೆಲ್ಲ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವ ಬಹುಪಯೋಗಿ ಸಾಧನ. ಕಾರ್ಲ್ ಎಲ್ಸೆನರ್ ಎಂಬ ಚಾಕು ತಯಾರಕ 1891ರಲ್ಲಿ ಸ್ವಿಟ್ಜರ್ಲೆಂಡಿನ ಸೈನಿಕರಿಗೆ ಪೂರೈಸಲಾರಂಭಿಸಿದ, ಮುಂದೆ ಸ್ವಿಸ್ ಚಾಕು ಎಂದು ಜಗತ್ತಿಗೆಲ್ಲ ಪರಿಚಿತವಾದ ಆ ವಸ್ತು ತನ್ನ ಮಟ್ಟಿಗೆ ಒಳ್ಳೆಯದೇ. ಆದರೆ ದಾರಿಗಡ್ಡ ಬಿದ್ದ ಅಡಿಕೆ ಸೋಗೆಯನ್ನು ತುಂಡರಿಸಲು, ಲಂಟಾನದ ಪೊದೆಯನ್ನು ಸವರಲು, ಬಾಳೆಗೊನೆ ಕಡಿಯಲು ಬೇಕಾಗುವುದು ಬೀಸಿನ ಬಲ, ಆ ಬಲ ಬರುವುದು ಅಲಗಿನ ತೂಕದಿಂದ. ಜೇಬಿನಲ್ಲಿ ಹಿಡಿಸುವ ಯಾವ ಚಾಕುವಿಗೂ ಆ ತೂಕವಿರಲಾರದು.

ಆದುದರಿಂದ ಮಲೆನಾಡಿಗರು ಮೊದಲು ಕೈಹಾಕುವುದು ಕತ್ತಿಗೆ. ಇಲ್ಲಿ ಕತ್ತಿಯೆಂದರೆ ಯುದ್ಧದ ಖಡ್ಗವೆಂದು ತಿಳಿಯಬಾರದು. ಸುಮಾರು ಮೊಳದುದ್ದದ, ತುದಿಯಲ್ಲಿ ತುಸು ಬಾಗಿದ, ಮರದ ಹಿಡಿಯಿರುವ ಕೃಷಿಯ ಕತ್ತಿ ಅದು. ತುದಿಯ ಬಾಗು ಅಲಂಕಾರಕ್ಕಾಗಿ ಬಂದದ್ದಲ್ಲ. ಕೈಗೆ ನಿಲುಕದ ಟೊಂಗೆಯನ್ನು ಹತ್ತಿರಕ್ಕೆಳೆಯಲು, ಮುಳ್ಳಿನ ಬಳ್ಳಿಯನ್ನು ಕೈ ಸೋಕಿಸದೆ ಸರಿಸಲು, ನೆಲದ ಮೇಲಿನ ತೆಂಗಿನಕಾಯಿಯನ್ನು ಬಗ್ಗದೆ ಚುಚ್ಚಿ ಎತ್ತಲು ಆ ಬಾಗು ಒದಗುತ್ತದೆ, ಹಾಗಾಗಿ ಒಂದೇ ಕತ್ತಿ ಕಡಿಯುವ ಕೆಲಸದ ಜೊತೆಗೆ ಕೈಯನ್ನು ಉದ್ದ ಮಾಡುವ ಕೆಲಸವನ್ನೂ ಮಾಡಿಕೊಡುತ್ತದೆ.

ಕತ್ತಿಗಿಂತ ಹೆಚ್ಚು ಮೆಚ್ಚಬೇಕಾದದ್ದು ಅದನ್ನು ಒಯ್ಯುವ ಕೊಕ್ಕೆ. ಸೊಂಟಕ್ಕೆ ಹಗ್ಗ ಅಥವಾ ಪಟ್ಟಿ ಕಟ್ಟಿ, ಬೆನ್ನ ಕೆಳಗೆ ಬರುವಂತೆ ಅದಕ್ಕೆ ಮರದ ಇಲ್ಲವೇ ಲೋಹದ ಕೊಕ್ಕೆಯೊಂದನ್ನು ಸಿಕ್ಕಿಸಿರುತ್ತಾರೆ. ಅಲಗನ್ನು ಅದರ ಸಂದಿನಲ್ಲಿ ಇಳಿಬಿಟ್ಟರೆ ಹಿಡಿಯ ಬುಡ ಮೇಲೆ ತಡೆದು ನಿಲ್ಲುತ್ತದೆ. ಚರ್ಮದ ಒರೆ ಮಳೆಗಾಲದಲ್ಲಿ ನೀರು ಕುಡಿದು ಒಳಗಿನ ಕಬ್ಬಿಣಕ್ಕೆ ತುಕ್ಕು ತರಿಸುತ್ತದೆ, ಒದ್ದೆ ಕೈಯಿಂದ ಅದರ ಗುಂಡಿ ಬಿಚ್ಚುವುದಂತೂ ಬೇರೆಯೇ ತಾಪತ್ರಯ. ತೆರೆದ ಕೊಕ್ಕೆಗೆ ಈ ಎರಡೂ ತೊಂದರೆಯಿಲ್ಲ: ಅಲಗಿಗೆ ಗಾಳಿಯಾಡುತ್ತದೆ, ಕೈ ಹಿಂದಕ್ಕೆ ಹೋದರೆ ಹಿಡಿ ಸಿಗುತ್ತದೆ, ಕೆಲಸ ಮುಗಿದರೆ ಕಣ್ಣಿನಿಂದ ನೋಡದೆಯೇ ಕತ್ತಿ ಸ್ವಸ್ಥಾನಕ್ಕೆ ಮರಳುತ್ತದೆ. ಹರಿತದ ಬಾಯಿ ಮೈಯಿಂದ ಆಚೆಗಿರಬೇಕು, ಕೂರುವ ಮುನ್ನ ಕತ್ತಿಯನ್ನು ತೆಗೆದಿಡಬೇಕು ಎಂಬ ಎರಡು ಕಟ್ಟುಪಾಡುಗಳು ಮಾತ್ರ ಕಡ್ಡಾಯ. ಹೊರುವ ಸಾಧನದ ಗುಣ ಅರ್ಧದಷ್ಟು ಅದನ್ನು ಹೊರುವ ವಿಧಾನದಲ್ಲಿಯೇ ಇದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಳ್ಳೆಯ ಕತ್ತಿ ಕೊಂಡು ಕೊಕ್ಕೆ ಕೊಳ್ಳದವರ ಕತ್ತಿ ಮೂರನೆಯ ದಿನಕ್ಕೆ ಯಾವುದೋ ಮರದ ಬುಡದಲ್ಲಿ ಮರೆತುಹೋಗಿರುತ್ತದೆ.

ಕತ್ತಿಯನ್ನು ಅಂಗಡಿಯಲ್ಲಿ ಕೊಳ್ಳಬೇಕೇ, ಆಚಾರಿಯ ಕುಲುಮೆಯಲ್ಲಿ ಮಾಡಿಸಬೇಕೇ ಎಂಬ ಚರ್ಚೆಯಲ್ಲಿ ಕುಲುಮೆಯ ಪರವಾಗಿಯೇ ಮಾತು ಹೆಚ್ಚು. ಹಳೆಯ ಲಾರಿಯ ಕಮಾನು ಪಟ್ಟಿಯ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸಾಧಾರಣ ಕಬ್ಬಿಣಕ್ಕಿಂತ ಹೆಚ್ಚಿರುವುದರಿಂದ ಕೆಂಪಗೆ ಕಾಸಿ ಥಟ್ಟನೆ ತಣಿಸಿದಾಗ ಅದು ಗಡುಸಾಗುತ್ತದೆ. ಹಾಗೆಯೇ ಬಿಟ್ಟರೆ ಗಾಜಿನಂತೆ ಚಕ್ಕೆ ಏಳಬಹುದೆಂದು ಮತ್ತೆ ಹದವಾಗಿ ಬಿಸಿ ಮಾಡಿ ಆ ಗಡಸುತನವನ್ನು ಸ್ವಲ್ಪ ಇಳಿಸುತ್ತಾರೆ. ಹದ ಕೊಡುವುದು ಎನ್ನುವುದು ಇದನ್ನೇ. ಗಡಸುತನ ಹೆಚ್ಚಾದರೆ ಬಾಯಿ ಮುರಿಯುತ್ತದೆ, ಕಡಿಮೆಯಾದರೆ ಮಡಚುತ್ತದೆ, ಮತ್ತು ಎರಡು ತಿಂಗಳು ಬಳಸಿದ ಮೇಲೆ ಅದನ್ನು ಸರಿಪಡಿಸಿಕೊಡಲು ಅದೇ ಆಚಾರಿ ಊರಿನಲ್ಲಿರುತ್ತಾನೆ ಎಂಬುದೇ ಕುಲುಮೆಯ ಕತ್ತಿಯ ನಿಜವಾದ ಅನುಕೂಲ. ದಿನದ ಹರಿತಕ್ಕೆ ಮನೆಯಲ್ಲಿಯೇ ಉಪಾಯವಿದೆ: ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ನುಣ್ಣನೆಯ ಪುಡಿ ಉದುರಿಸಿ ಅದರ ಮೇಲೆ ಅಲಗನ್ನು ಮಸೆಯುವುದು ಹಳೆಯ ಪದ್ಧತಿ, ಈಗ ಅಂಗಡಿಯ ಸಾಣೆಕಲ್ಲು ಅದರ ಜಾಗಕ್ಕೆ ಬಂದಿದೆ. ಇವೆರಡೂ ಮನೆಯಲ್ಲಿರತಕ್ಕ ವಸ್ತುಗಳು. ಮಸೆಯುವ ಕಲ್ಲನ್ನು ತೋಟಕ್ಕೆ ಹೊತ್ತೊಯ್ಯುವವರು ಬೆಳಿಗ್ಗೆ ಮಸೆಯಲು ಮರೆತವರೇ ಆಗಿರುತ್ತಾರೆ.

ಏನನ್ನು ಹೊರಬೇಕಾಗಿಲ್ಲ ಎಂಬುದೂ ಈ ವಿಚಾರದ ಮುಖ್ಯ ಭಾಗ. ಹಗ್ಗವನ್ನು ಒಯ್ಯುವುದು ಹೊಸಬರ ರೂಢಿ, ಆದರೆ ಬಾಳೆಯ ಗಿಡವಿರುವ ತೋಟದಲ್ಲಿ ಹಗ್ಗಕ್ಕೆ ಕೊರತೆಯೇ ಇಲ್ಲ: ಒಣಗಿದ ಬಾಳೆಪಟ್ಟೆಯನ್ನು ಸೀಳಿ ನೀರಲ್ಲಿ ನೆನೆಸಿದರೆ ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವುದಕ್ಕೂ ಸೊಪ್ಪಿನ ಹೊರೆ ಬಿಗಿಯುವುದಕ್ಕೂ ಸಾಕಾಗುತ್ತದೆ, ಮತ್ತು ಬಳ್ಳಿ ಬೇರೂರಿ ಮರ ಹಿಡಿಯುವ ಹೊತ್ತಿಗೆ ಅದು ತಾನಾಗಿ ಕೊಳೆತು ಬೀಳುತ್ತದೆ. ಪ್ಲಾಸ್ಟಿಕ್ ದಾರವಾದರೆ ಬಳ್ಳಿಯ ಕುತ್ತಿಗೆಯನ್ನೇ ಬಿಗಿದುಕೊಂಡು ಕೂರುತ್ತದೆ. ಅಡಿಕೆಯ ಹಾಳೆ, ಅಂದರೆ ಸೋಗೆಯ ಬುಡದ ಅಗಲವಾದ ಹೊದಿಕೆ, ನೀರು ಮೊಗೆಯಲು, ಹಣ್ಣು ಹೊರಲು, ಒದ್ದೆ ನೆಲದ ಮೇಲೆ ಕೂರಲು ಒದಗುತ್ತದೆ. ಕರಾವಳಿಯಲ್ಲಿ ಅದೇ ಹಾಳೆಯಿಂದ ತಲೆಗೆ ಟೊಪ್ಪಿಯನ್ನೂ ಮಾಡುತ್ತಾರೆ, ತುಳುವಿನಲ್ಲಿ ಅದಕ್ಕೆ ಮುಟ್ಟಾಳೆ ಎಂದು ಹೆಸರು.

ಸೊಂಟದ ನಂತರದ ಸ್ಥಾನ ಸಂಚಿಯದು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿಗಳಿರುವ ಕವಳದ ಸಂಚಿಯನ್ನು ಬರೀ ಚಟದ ಚೀಲವೆಂದು ತಳ್ಳಿಹಾಕುವಂತಿಲ್ಲ. ಕವಳದ ದುಷ್ಪರಿಣಾಮ ಏನೇ ಇರಲಿ, ಆ ಸುಣ್ಣಕ್ಕೆ ಬೇರೊಂದು ಉಪಯೋಗವಿದೆ: ಜೂನ್‌ನಿಂದಾಚೆಗೆ ದರಕಿನ ಮೇಲೆ ಕಾಲಿಟ್ಟರೆ ಹತ್ತುವ ಉಂಬಳಗಳಿಗೆ, ಅಂದರೆ ನೆಲದ ಜಿಗಣೆಗಳಿಗೆ, ಸುಣ್ಣವೋ ಉಪ್ಪೋ ಹೊಗೆಸೊಪ್ಪಿನ ರಸವೋ ತಾಗಿದರೆ ಅವು ಕಚ್ಚಿದ ಹಿಡಿತ ಬಿಡುತ್ತವೆ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಅದು ಉದುರಿದ ಮೇಲೂ ಬಹಳ ಹೊತ್ತು ರಕ್ತ ಸೋರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಸಂಚಿಯಲ್ಲೋ ಉಡಿದಾರದಲ್ಲೋ ಇರಬೇಕಾದ ಇನ್ನೊಂದು ವಸ್ತು ಚಿಮಟ. ಬೆರಳುದ್ದದ ಈ ಪುಟ್ಟ ಇಕ್ಕಳದಿಂದ ಕಾಲಿಗೆ ಚುಚ್ಚಿದ ಮುಳ್ಳನ್ನು ಅಲ್ಲಿಯೇ ಕೂತು ತೆಗೆದರೆ ಕೆಲಸ ಮುಂದುವರಿಯುತ್ತದೆ, ತೆಗೆಯದಿದ್ದರೆ ಸಂಜೆಗೆ ಕಾಲು ಬಾತು ಮರುದಿನದ ಕೆಲಸವೂ ಕೆಡುತ್ತದೆ. ತೂಕ ನೋಡಿದರೆ ಏನೂ ಇಲ್ಲ, ಉಪಕಾರ ನೋಡಿದರೆ ಕತ್ತಿಗೆ ಸಮ.

ಚಿಮಟದ ಮಹತ್ವ 1957ರಿಂದೀಚೆಗೆ ಇನ್ನಷ್ಟು ಹೆಚ್ಚಿದೆ. ಆ ವರ್ಷ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯಲಾರಂಭಿಸಿ, ಸುತ್ತಲಿನ ಜನರಿಗೂ ಜ್ವರ ಹಬ್ಬಿದಾಗ ಪತ್ತೆಯಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ತಲುಪಿಸುವುದು ಕಾಡಿನ ಉಣ್ಣೆ, ಮಲೆನಾಡಿಗರ ಮಾತಿನಲ್ಲಿ ಉಣುಗು; ಅದು ಮೈಗೆ ಕಚ್ಚಿದರೆ ಕೀಳಲು ಬೇಕಾದದ್ದು ಚಿಮಟ. ಚಳಿಗಾಲದಿಂದ ಬೇಸಗೆಯವರೆಗೆ, ಅಂದರೆ ದರಕು ಗುಡಿಸುವ ಮತ್ತು ಸೌದೆ ತರುವ ದಿನಗಳಲ್ಲಿಯೇ, ಉಣುಗಿನ ಕಾಟ ಹೆಚ್ಚು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಭಿವೃದ್ಧಿಪಡಿಸಿದ, ಕೀಟಗಳನ್ನು ದೂರವಿಡುವ ಡೆಪಾ ತೈಲವನ್ನು ಆರೋಗ್ಯ ಇಲಾಖೆ ರೋಗವಿರುವ ಊರುಗಳಲ್ಲಿ ಹಂಚುತ್ತದೆ. ಆ ಬಾಟಲಿ ಬಹುತೇಕ ಮನೆಗಳಲ್ಲಿ ದೇವರ ಗೂಡಿನ ಪಕ್ಕದಲ್ಲಿ ಅಂದವಾಗಿ ಕೂತಿರುತ್ತದೆ. ಅದು ಕೈಕಾಲಿಗೆ ಹತ್ತಿ ಬೆಟ್ಟಕ್ಕೆ ಹೋಗಬೇಕಾದದ್ದು.

ಕತ್ತಲಿನ ವಿಷಯದಲ್ಲಿ ರಾಜಿಗೆ ಅವಕಾಶವಿಲ್ಲ. ಹಿಂದೆ ಒಣಗಿದ ಸೋಗೆಯ ಸೂಡಿ ಹೊತ್ತಿಸಿಕೊಂಡು ಬೀಸುತ್ತಾ ನಡೆಯುತ್ತಿದ್ದರು, ನಂತರ ಬ್ಯಾಟರಿ ಬಂತು, ಈಗ ಎಲ್ಲರ ಜೇಬಿನಲ್ಲಿರುವ ಮೊಬೈಲಿನ ಬೆಳಕೇ ಸಾಕೆಂಬ ಭಾವನೆಯಿದೆ. ಮೊಬೈಲಿನ ಬೆಳಕು ಕಾಲ ಬುಡಕ್ಕೆ ಬೀಳಬೇಕಾದರೆ ಒಂದು ಕೈ ಅದಕ್ಕೇ ಮೀಸಲಾಗಬೇಕು, ಮಳೆ ಬಂದರೆ ಅದನ್ನು ಜೇಬಿಗಿಳಿಸಬೇಕು, ಅಷ್ಟರ ಮೇಲೆ ಕರೆ ಮಾಡಬೇಕಾದ ಹೊತ್ತಿಗೆ ಚಾರ್ಜ್ ಮುಗಿದಿರುತ್ತದೆ. ತಲೆಗೆ ಕಟ್ಟುವ ಟಾರ್ಚ್ ಈ ಮೂರು ತೊಂದರೆಗಳನ್ನೂ ತಪ್ಪಿಸುತ್ತದೆ, ಬಲಗೈಗೆ ಕೋಲು ಹಿಡಿಯಲು ಬಿಡುವು ಕೊಡುತ್ತದೆ. ಇದು ಹೆದರಿಕೆಯ ಮಾತಲ್ಲ: 2000ದಿಂದ 2019ರವರೆಗಿನ ಅವಧಿಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತಿದ್ದಾರೆಂದು ಅಂದಾಜಿಸಲಾಗಿದ್ದು, ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಕಡಿದಾಗ ಸೊಂಟದ ಕತ್ತಿಯಿಂದ ಗಾಯವನ್ನು ಕೊಯ್ಯುವುದೂ ಬಿಗಿಯಾಗಿ ಹಗ್ಗ ಕಟ್ಟುವುದೂ ಹಾನಿಕರ. ಕಚ್ಚಿದ ಅಂಗವನ್ನು ಅಲುಗಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಬೇಗ ತಲುಪಿಸುವುದೊಂದೇ ದಾರಿ. ಆ ಒಂದು ಗಳಿಗೆಗೆ ಜೇಬಿನಲ್ಲಿರಬೇಕಾದದ್ದು ಮೊಬೈಲೇ.

ಮಳೆಗೆ ಕೊಡೆಯೋ ಕೊಪ್ಪೆಯೋ ಎಂಬ ಪ್ರಶ್ನೆಗೂ ಉತ್ತರ ಕೈಯ ಬಿಡುವಿನಲ್ಲೇ ಇದೆ. ವಾರ್ಷಿಕ ಮಳೆ 7,000 ಮಿಲಿಮೀಟರ್ ದಾಟುವ ಆಗುಂಬೆಯಂಥ ಜಾಗದಲ್ಲಿ ಕೊಡೆ ಪೇಟೆಗೆ ಹೋಗುವವರ ವಸ್ತು, ಕೆಲಸಗಾರರಿಗೆ ತಲೆಯಿಂದ ಮಂಡಿಯವರೆಗೆ ಇಳಿಬೀಳುವ ಕೊಪ್ಪೆಯೇ ಬೇಕು; ಹಿಂದೆ ಕಂಬಳಿಯದಾಗಿದ್ದ ಅದು ಈಗ ಪ್ಲಾಸ್ಟಿಕ್ಕಿನದಾಗಿದೆ.

ತೋಟಕ್ಕೆ ಪೈಪು ಮತ್ತು ಮೋಟಾರು ಬಂದ ಮೇಲೆ ಜೇಬಿಗೆ ಹೊಸ ಅತಿಥಿಗಳೂ ಬಂದಿವೆ. ಅವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟಿಯಾಗಿ ಸಿಗುವ ಹಳೆಯ ಸೈಕಲ್ ಟ್ಯೂಬು. ಎರಡು ಬೆರಳಗಲದ ಉದ್ದನೆಯ ಪಟ್ಟಿಯಾಗಿ ಕತ್ತರಿಸಿ ಸುರುಳಿ ಸುತ್ತಿಟ್ಟುಕೊಂಡರೆ, ಒಡೆದ ನೀರಿನ ಪೈಪಿನ ಮೇಲೆ ಅದನ್ನು ಎಳೆದೆಳೆದು ಸುತ್ತಿ ಗಂಟು ಹಾಕಿದ ಕೂಡಲೇ ಸೋರಿಕೆ ನಿಲ್ಲುತ್ತದೆ. ತಾತ್ಕಾಲಿಕವೆಂದು ಸುತ್ತಿದ ಇಂಥ ಪಟ್ಟಿಗಳು ಮೂರು ನಾಲ್ಕು ಬೇಸಗೆ ಕಳೆದರೂ ಹಾಗೆಯೇ ಇರುವುದನ್ನು ಯಾವ ತೋಟದಲ್ಲಾದರೂ ನೋಡಬಹುದು. ಟೆಸ್ಟರ್ ಮತ್ತು ಕಟಿಂಗ್ ಪ್ಲೈಯರ್ ಮಾತ್ರ ಪಂಪ್‌ಹೌಸಿನ ಗೂಡಿನಲ್ಲಿಯೇ ಇರಲಿ, ಅವುಗಳ ಕೆಲಸ ಇರುವುದು ಅಲ್ಲಿ ಮಾತ್ರ. ಮರವೇರುವವರು ಕಡಿಮೆಯಾದಂತೆ ನೆಲದಲ್ಲಿ ನಿಂತೇ ಅಡಿಕೆಗೊನೆ ಕೊಯ್ಯುವ, ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳೂ ಬಂದಿವೆ. ಹಗುರವೆಂಬ ಕಾರಣಕ್ಕೆ ಅವುಗಳನ್ನು ಹೆಗಲಲ್ಲಿಟ್ಟು ಅಡ್ಡಾಡುವುದು ಅಪಾಯ, ಏಕೆಂದರೆ ಅಲ್ಯೂಮಿನಿಯಂನಂತೆಯೇ ಕಾರ್ಬನ್ ಫೈಬರೂ ವಿದ್ಯುತ್ತನ್ನು ಹರಿಸುತ್ತದೆ, ತೋಟದ ಮೇಲೆ ಹಾದ ತಂತಿಗೆ ತಾಗಿದರೆ ಹಿಡಿದವರು ಉಳಿಯುವುದು ಕಷ್ಟ.

ಈವರೆಗೆ ಹೇಳಿದ ಏರ್ಪಾಡೆಲ್ಲ ಗಂಡಸಿನ ಸೊಂಟವನ್ನು ನೋಡಿಯೇ ರೂಪುಗೊಂಡದ್ದು ಎಂಬುದನ್ನು ಹೇಳದೆ ಬಿಡುವುದು ಸರಿಯಲ್ಲ. ಸೊಪ್ಪು ತರುವ, ಕಳೆ ಕೀಳುವ, ಅಡಿಕೆ ಹೆಕ್ಕುವ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದಾದರೂ ಅವರ ಕತ್ತಿ ಕೈಯಲ್ಲಿಯೋ ತಲೆಯ ಹೊರೆಯ ಮೇಲೆಯೋ ಸಾಗುತ್ತಿತ್ತು, ಸಣ್ಣ ವಸ್ತುಗಳಿಗೆ ಸೆರಗಿನ ಗಂಟೇ ಜೇಬು. ಸೀರೆಯ ಮೇಲೆ ಮನೆಯ ಗಂಡಸಿನ ಹಳೆಯ ಅಂಗಿ ತೊಡುವ ರೂಢಿ ಬಂದ ಮೇಲೆ, ಸೊಳ್ಳೆ ಮತ್ತು ಮುಳ್ಳಿನಿಂದ ರಕ್ಷಣೆಯ ಜೊತೆಗೆ ಒಂದು ಜೇಬೂ ಅವರ ಪಾಲಿಗೆ ಬಂದಿದೆ.

ಪಕ್ಕದ ಸೀಮೆಗಳಲ್ಲಿ ಇದೇ ಲೆಕ್ಕಕ್ಕೆ ಬೇರೆ ಉತ್ತರಗಳಿವೆ. ಬಯಲುಸೀಮೆಯ ಕುರಿಗಾಹಿ ತಿಂಗಳುಗಟ್ಟಲೆ ಮನೆಯಿಂದ ದೂರವಿರುವುದರಿಂದ ಅವನ ಮೊದಲ ಸಲಕರಣೆ ಕಂಬಳಿ: ಹಾಸಿಗೆ, ಹೊದಿಕೆ, ಮಳೆಯ ಕೊಪ್ಪೆ, ಆಗ ತಾನೇ ಹುಟ್ಟಿದ ಮರಿಯನ್ನು ಹೊರುವ ಜೋಳಿಗೆ ಎಲ್ಲವೂ ಅದೇ. ಕೊಡಗಿನಲ್ಲಿ ಅಗಲವಾದ ಬಾಗಿದ ಅಲಗಿನ ಒಡಿಕತ್ತಿಯನ್ನು ಬೆನ್ನ ಹಿಂದಿನ ತೋಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ಸಿಕ್ಕಿಸುತ್ತಾರೆ, ಅದು ಮಲೆನಾಡಿನ ಕೊಕ್ಕೆಯ ಸಿರಿವಂತ ದಾಯಾದಿಯಂತಿದೆ; ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ, ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರಕ್ಕೂ ಅದೇ ಒಡಿಕತ್ತಿ.

ಆಯುಧಕ್ಕೂ ಕೃಷಿಯ ಕತ್ತಿಗೂ ಇರುವ ವ್ಯತ್ಯಾಸ ಕಾನೂನಿಗೂ ತಿಳಿದಿದೆ. 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಅಲಗುಗಳನ್ನು ಹರಿತ ಆಯುಧಗಳ ವರ್ಗಕ್ಕೆ ಸೇರಿಸುವಾಗ, ಮನೆಬಳಕೆಗೆ ಮತ್ತು ಕೃಷಿಗೆಂದು ರೂಪಿಸಿದವುಗಳನ್ನು ಹೊರಗಿಟ್ಟಿವೆ. ಆದರೂ ತೋಟದ ದಾರಿಯಲ್ಲಿ ಯಾರೂ ತಿರುಗಿ ನೋಡದ ಕತ್ತಿ ಪೇಟೆಯ ಬಸ್ಸಿನಲ್ಲಿ ಹತ್ತು ಕಣ್ಣುಗಳನ್ನು ಸೆಳೆಯುತ್ತದೆ. ಹಾಗಾಗಿ ಕುಲುಮೆಯಲ್ಲಿ ಹದ ಮಾಡಿಸಿ ತರುವವರು ಅಲಗಿಗೆ ಹಳೆಯ ಗೋಣಿಚೀಲದ ತುಂಡು ಸುತ್ತಿ, ಬಾಳೆನಾರಿನಿಂದ ಕಟ್ಟಿ, ಹಿಡಿ ಮಾತ್ರ ಕಾಣುವಂತೆ ಚೀಲದಲ್ಲಿಟ್ಟುಕೊಂಡು ಬರುತ್ತಾರೆ, ಊರಿನ ತಿರುವಿನಲ್ಲಿ ಬಸ್ಸಿಳಿದ ಮೇಲೆಯೇ ಅದು ಕೊಕ್ಕೆಗೇರುವುದು.