ರಾತ್ರಿ ಕುಂಯ್‌ಗುಡುವ ಕುನ್ನಿಗೆ ಪಾಠ

ಮನೆಗೆ ಬಂದ ನಾಯಿಮರಿ ಹಗಲೆಲ್ಲ ಮುದ್ದು. ರಾತ್ರಿಯಾದೊಡನೆ ಅದೇ ಮರಿ ಮನೆಮಂದಿಗೆಲ್ಲ ತಲೆನೋವು. ಆದರೆ ಅದರ ದೇಹದ ಲೆಕ್ಕಾಚಾರ ಗೊತ್ತಿದ್ದರೆ ಕೆಲವೇ ವಾರಗಳಲ್ಲಿ ನಿಮಗೂ ನಿದ್ದೆ, ಅದಕ್ಕೂ ನಿದ್ದೆ.

“ರಾತ್ರಿ ಮನಿಕಂಬುಕೆ ಬಿಡುದಿಲ್ಲ ಮಾರಾಯ್ರೆ, ಎಂತ ಮಾಡುದ್?” ಹೊಸದಾಗಿ ನಾಯಿಮರಿ ತಂದವರ ಬಾಯಿಂದ ಕುಂದಾಪುರ ಸೀಮೆಯಲ್ಲಿ ಬರುವ ಮೊದಲ ಮಾತು ಇದು. ಬಸ್ರೂರಿನಂಥ ಕೇರಿಗಳ ಊರಿನಲ್ಲಂತೂ ಮರಿಯ ಅಳು ಒಂದು ಮನೆಯ ಸಂಗತಿಯಾಗಿ ಉಳಿಯುವುದಿಲ್ಲ. ವಾರಾಹಿಯ ಕಡೆಯಿಂದ ಬರುವ ತಣ್ಣನೆಯ ಗಾಳಿಯೊಂದಿಗೆ ಆ ‘ಕುಂಯ್ ಕುಂಯ್’ ಪಕ್ಕದ ನಾಲ್ಕು ಮನೆಗಳಿಗೂ ತಲುಪುತ್ತದೆ. ಬೆಳಿಗ್ಗೆ ಬಾಗಿಲು ತೆರೆದರೆ ಹೊಳೆಯುವ ಟೈಲ್ಸ್ ಮೇಲೆ ಮೂರು ಕಡೆ ಉಚ್ಚೆ, ಒಂದು ಕಡೆ ಹೇಲು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ನಾಯಿ ಎಂದರೆ ಜಗಲಿಯ ಕೆಳಗಿನ ಪ್ರಾಣಿ. ಕೊಟ್ಟಿಗೆಯ ಮೂಲೆಯಲ್ಲೋ ಬೂದಿಯ ರಾಶಿಯಲ್ಲೋ ಮಲಗುತ್ತಿತ್ತು. ಅಂಗಳ, ತೋಟ, ಗದ್ದೆಯ ಅಂಚು ಎಲ್ಲವೂ ಅದರದೇ. ಒಳಗೆ ಕಾಲಿಟ್ಟರೆ ‘ಹಚಾ’ ಎಂದು ಗದರಿದರಾಯಿತು. ಈಗ ಕೊಟ್ಟಿಗೆ ಇದ್ದಲ್ಲಿ ಕಾರು ನಿಲ್ಲಿಸುವ ಶೆಡ್ ಬಂದಿದೆ. ಬೆಂಗಳೂರು, ಮುಂಬಯಿ, ದುಬಾಯಿ ಸೇರಿದ ಮಕ್ಕಳು ಊರಲ್ಲಿರುವ ಅಪ್ಪ ಅಮ್ಮನಿಗೆ ಜೊತೆಯಾಗಲಿ ಎಂದು ಲ್ಯಾಬ್ರಡಾರ್ ಮರಿಯೊಂದನ್ನು ತಂದು ಬಿಟ್ಟು ಹೋಗುತ್ತಾರೆ. ಅದರ ಹಿಂದೆ ರಾತ್ರಿ ಓಡುವವರು ಎಪ್ಪತ್ತು ದಾಟಿದವರು!

ಒಂದೆರಡು ವಾರ ಸಹಿಸಿ, ಕೊನೆಗೆ ಮರಿಯನ್ನು ಚೀಲದಲ್ಲಿ ಹಾಕಿ ಮೀನು ಮಾರ್ಕೆಟಿನ ಬಳಿಯೋ ಹೆದ್ದಾರಿಯ ಬದಿಯಲ್ಲೋ ಬಿಟ್ಟುಬರುವವರಿದ್ದಾರೆ. ಹಸಿವು, ಬಾಯಾರಿಕೆಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಅದಕ್ಕಿಂತ ಮಿಗಿಲಾಗಿ, ಹಾಗೆ ಬಿಟ್ಟ ಮರಿ ಬದುಕುವುದೇ ಅಪರೂಪ. ಬದುಕಿದರೂ ಲಸಿಕೆಯಿಲ್ಲದ ಬೀದಿನಾಯಿಯಾಗುತ್ತದೆ. ಹೀಗೆ ರಾತ್ರಿಯ ಉಚ್ಚೆಯ ಪ್ರಶ್ನೆಯೇ ಎಷ್ಟೋ ಮರಿಗಳ ಪಾಲಿಗೆ ಸಾವುಬದುಕಿನ ಪ್ರಶ್ನೆ.

ಚೀಲ ಸಣ್ಣದು

ಮರಿ ಹಟದಿಂದಲೋ ಸೊಕ್ಕಿನಿಂದಲೋ ಮನೆಯೊಳಗೆ ಗಲೀಜು ಮಾಡುವುದಿಲ್ಲ. ಅದರ ಮೂತ್ರಕೋಶ ಚಿಕ್ಕದು, ತಡೆದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಅಷ್ಟೆ. ನಾಯಿ ಸಾಕುವವರಲ್ಲಿ ಒಂದು ಅಂದಾಜು ಲೆಕ್ಕವಿದೆ: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ ಅದು ತಡೆದುಕೊಂಡೀತು. ಎರಡು ತಿಂಗಳ ಮರಿಯಾದರೆ ಹೆಚ್ಚೆಂದರೆ ಮೂರು ಗಂಟೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಆರಕ್ಕೆ ತೆರೆಯುತ್ತೇವೆಂದರೆ ಅದು ಏನು ಮಾಡಬೇಕು, ಹೇಳಿ?

ಇದರ ಜೊತೆ ಒಂದು ಒಳ್ಳೆಯ ಸ್ವಭಾವವೂ ಅದಕ್ಕೆ ಹುಟ್ಟಿನಿಂದ ಬಂದಿದೆ. ಮೊದಲ ಕೆಲವು ವಾರ ಮರಿಯ ಹೊಲಸನ್ನು ತಾಯಿಯೇ ನೆಕ್ಕಿ ಶುಚಿ ಮಾಡುತ್ತದೆ. ಕಾಲು ಗಟ್ಟಿಯಾದೊಡನೆ ಮರಿ ಮಲಗುವ ಜಾಗ ಬಿಟ್ಟು ಆಚೆ ಹೋಗಲು ನೋಡುತ್ತದೆ. ಮಲಗುವಲ್ಲಿ ಹೊಲಸು ಬೇಡ ಎಂಬುದು ಅದಕ್ಕೆ ಯಾರೂ ಕಲಿಸದೆ ಬಂದ ಪಾಠ. ನಾವು ಮಾಡಬೇಕಾದ್ದು ಆ ಪಾಠವನ್ನು ನಮ್ಮ ಮನೆಯ ನೆಲಕ್ಕೆ ವಿಸ್ತರಿಸುವುದು ಮಾತ್ರ.

ಗಂಜಿಯ ಗುಟ್ಟು

ನಮ್ಮ ಕರಾವಳಿಯಲ್ಲಿ ನಾಯಿಯ ರಾತ್ರಿಯೂಟ ಎಂದರೆ ಉಳಿದ ಗಂಜಿ, ಮೇಲಿಷ್ಟು ಮೀನಿನ ಸಾರು. ಗಂಜಿಯಲ್ಲಿ ಅನ್ನಕ್ಕಿಂತ ನೀರೇ ಹೆಚ್ಚು. ಸಾರಿನ ಉಪ್ಪು ಮತ್ತಷ್ಟು ನೀರು ಕುಡಿಸುತ್ತದೆ. ಒಂಬತ್ತು ಗಂಟೆಗೆ ಹೊಟ್ಟೆ ತುಂಬ ಗಂಜಿ ಕುಡಿದ ಮರಿ ನಡುರಾತ್ರಿ ಎದ್ದು ಅತ್ತರೆ ತಪ್ಪು ಮರಿಯದಲ್ಲ. ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಯೂ ನಾಯಿಗೆ ಒಳ್ಳೆಯದಲ್ಲ. ಹಸುವಿನ ಹಾಲು ಕೆಲವು ಮರಿಗಳಿಗೆ ಭೇದಿ ತರುತ್ತದೆ.

ಆದ್ದರಿಂದ ರಾತ್ರಿಯೂಟ ಏಳು ಗಂಟೆಯೊಳಗೆ ಮುಗಿಯಲಿ, ನೀರು ಬಸಿದ ಗಟ್ಟಿ ಊಟವಾಗಲಿ. ಹಗಲು ನೀರಿಗೆ ಕಡಿವಾಣ ಬೇಡ. ಮಲಗುವ ಒಂದೂವರೆ ಎರಡು ಗಂಟೆ ಮೊದಲು ಬಟ್ಟಲು ಎತ್ತಿಟ್ಟರೆ ಸಾಕು. ಬೇಸಗೆಯ ಸೆಕೆಯಲ್ಲಿ ಮಾತ್ರ ಆಮೇಲೂ ಒಂದೆರಡು ಗುಟುಕು ಕೊಡಿ.

ತುಂಟ ಮರಿಯಾದರೆ ಸಂಜೆ ಐದರಿಂದ ಏಳರವರೆಗೆ ಚೆನ್ನಾಗಿ ಆಡಿಸಿ. ಚೆಂಡು, ತೆಂಗಿನ ಸಿಪ್ಪೆ, ಹಳೆ ಬಟ್ಟೆಯ ಗಂಟು ಏನಾದರೂ ಆದೀತು. ಆದರೆ ಮಲಗುವ ಹೊತ್ತಿಗೆ ಮಕ್ಕಳು ಮತ್ತೆ ಅದನ್ನು ಕೆಣಕದಂತೆ ನೋಡಿಕೊಳ್ಳಿ. ಮರಿಗೆ ದಿನಕ್ಕೆ ಹದಿನೆಂಟು ಗಂಟೆಯಷ್ಟು ನಿದ್ದೆ ಬೇಕು. ನಿದ್ದೆಗೆಟ್ಟ ಮರಿ ಸುಮ್ಮನಾಗುವುದಿಲ್ಲ, ಇನ್ನಷ್ಟು ಕುಣಿಯುತ್ತದೆ, ಥೇಟು ಜಾತ್ರೆಯಿಂದ ಬಂದ ಮಕ್ಕಳ ಹಾಗೆ.

ಅಲಾರಾಂ ಇಡಿ

ಮಲಗಲು ಗಟ್ಟಿ ರಟ್ಟಿನ ಪೆಟ್ಟಿಗೆಯೋ ಗೂಡೋ ಇರಲಿ. ಮರಿ ಎದ್ದು ನಿಂತು, ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟೇ ಜಾಗ ಸಾಕು. ತೀರಾ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಅದನ್ನು ದೂರದ ಶೆಡ್ಡಿನಲ್ಲಿಡದೆ ನೀವು ಮಲಗುವಲ್ಲಿಗೆ ಹತ್ತಿರ ಇಡಿ. ತಾಯಿಯನ್ನು ಬಿಟ್ಟು ಬಂದ ಮರಿಗೆ ಮನುಷ್ಯರ ಉಸಿರೇ ಧೈರ್ಯ. ಅದು ಎದ್ದು ಚಡಪಡಿಸಿದರೆ ನಿಮಗೂ ಕೇಳಿಸುತ್ತದೆ.

ಹತ್ತು ಗಂಟೆಗೆ ಒಮ್ಮೆ ಹೊರಗೆ. ಆಮೇಲೆ ಒಂದಕ್ಕೆ, ಮತ್ತೆ ನಾಲ್ಕಕ್ಕೆ ಅಲಾರಾಂ. ಅದು ಅತ್ತ ಮೇಲೆ ಏಳುವುದಕ್ಕಿಂತ ಅಳುವ ಮೊದಲೇ ಎದ್ದರೆ ಅಳುವ ಅಭ್ಯಾಸ ಬೆಳೆಯುವುದಿಲ್ಲ. ಎತ್ತಿಕೊಂಡೇ ಹೋಗಿ, ದಿನವೂ ಅದೇ ಜಾಗಕ್ಕೆ ಇಳಿಸಿ. ‘ಮಾಡು’ ಎಂದೋ ಮತ್ತೇನೋ, ಒಂದೇ ಶಬ್ದ ಹೇಳಿ. ಆಟವಿಲ್ಲ, ಮಾತಿಲ್ಲ. ಕೆಲಸ ಮುಗಿದ ಕೂಡಲೇ ಮೆಲ್ಲಗೆ ಬೆನ್ನು ಸವರಿ, ಮುಳ್ಳು ತೆಗೆದ ಬೇಯಿಸಿದ ಮೀನಿನ ಸಣ್ಣ ಚೂರು ಕೊಟ್ಟು ನೇರ ಹಾಸಿಗೆಗೆ. ನಡುರಾತ್ರಿ ಹೊರಗೆ ಹೋಗುವುದೆಂದರೆ ಬೇಸರದ ಕೆಲಸ ಎಂದು ಅದಕ್ಕೆ ಅನಿಸಬೇಕು. ಮೂರು ನಾಲ್ಕು ರಾತ್ರಿ ಪೆಟ್ಟಿಗೆ ಒಣಗಿದ್ದರೆ ಅಲಾರಾಂ ಅರ್ಧ ಗಂಟೆ ಮುಂದಕ್ಕೆ ಹಾಕಿ.

ಹೋಗುವಾಗ ಕೈಯಲ್ಲಿ ಟಾರ್ಚ್, ಮರಿಯ ಕೊರಳಲ್ಲಿ ಹಗ್ಗ ಬೇಕೇ ಬೇಕು. ಕುಂದಾಪುರ, ಬೈಂದೂರು ಸೀಮೆಯಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ದ, ನಾಯಿಯನ್ನಟ್ಟಿ ಬಂದು ಬಾವಿಗೆ ಬಿದ್ದ ಸುದ್ದಿ ಹೊಸತಲ್ಲ. ಹಾವಿನ ಭಯ ಇದ್ದೇ ಇದೆ. ಹಡಿಯ ಕಡೆಗೆ ಹೋಗದೆ ದೀಪದ ಬೆಳಕು ಬೀಳುವ ಅಂಗಳದಲ್ಲೇ ಜಾಗ ಗೊತ್ತು ಮಾಡಿ.

ಜಡಿಮಳೆಯಲ್ಲಿ ಏನು?

ಪುಸ್ತಕಗಳು ಹೇಳುವ ‘ಹೊರಗೆ ಕರೆದೊಯ್ಯಿರಿ’ ಎಂಬ ಮಾತು ಆಸಾಡಿಯ ಮಳೆಗೆ ಒಪ್ಪುವುದಿಲ್ಲ. ಪಾಚಿಗಟ್ಟಿದ ಅಂಗಳದಲ್ಲಿ ವಯಸ್ಸಾದವರು ಜಾರಿ ಬಿದ್ದರೆ ಸೊಂಟದ ಮೂಳೆಗೇ ಕುತ್ತು. ಅಂಥ ಮನೆಗಳಲ್ಲಿ ಮಾಡಿನ ಕೆಳಗೆ, ಇರಚಲು ತಾಗದ ಕಡೆ ಅಗಲವಾದ ತಟ್ಟೆಯಲ್ಲಿ ಹೊಯ್ಗೆ ತುಂಬಿಡಿ. ಮರಿ ಜಾಗವನ್ನು ಗುರುತಿಸುವುದು ಮೂಗಿನಿಂದ ಮಾತ್ರವಲ್ಲ, ಪಾದದಿಂದಲೂ. ಹೊಯ್ಗೆಯ ಮೇಲೆ ಕಲಿತದ್ದು ಮಳೆ ನಿಂತ ಮೇಲೆ ಅಂಗಳದ ಮಣ್ಣಿಗೆ ಸುಲಭವಾಗಿ ಬದಲಾಗುತ್ತದೆ. ಹಳೇ ಪೇಪರು ಹಾಸಿ ಕಲಿಸುವವರೂ ಇದ್ದಾರೆ. ತಪ್ಪೇನಿಲ್ಲ. ಆದರೆ ಪೇಪರ್ ಎಂದರೆ ಪಾಯಿಖಾನೆ ಎಂದು ಕಲಿತ ಮರಿ, ನೀವು ಓದಿ ನೆಲದ ಮೇಲಿಟ್ಟ ಈ ಪುರವಣಿಯನ್ನೂ ಬಿಡದು!

ಹೊಡೆತ ಬೇಡ

ಬೆಳಿಗ್ಗೆ ಉಚ್ಚೆ ಕಂಡೊಡನೆ ಮರಿಯ ಮೂತಿಯನ್ನು ಅದಕ್ಕೆ ಉಜ್ಜಿ ಎರಡು ಬಾರಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಯಾವಾಗಲೋ ಮಾಡಿದ್ದಕ್ಕೂ ಈಗಿನ ಪೆಟ್ಟಿಗೂ ಇರುವ ಸಂಬಂಧ ಮರಿಗೆ ತಿಳಿಯುವುದಿಲ್ಲ. ಅದು ಕಲಿಯುವುದು ಒಂದೇ: ಈ ಮನುಷ್ಯ ಅಪಾಯಕಾರಿ. ಆಮೇಲೆ ನಿಮ್ಮೆದುರು ಹೊರಗೂ ಮಾಡದೆ, ಸೋಫಾದ ಹಿಂದೆ ಅಡಗಿ ಮಾಡುತ್ತದೆ. ಸಿಕ್ಕಿಬಿದ್ದರೆ ಚಪ್ಪಾಳೆ ತಟ್ಟಿ ತಡೆದು ಹೊರಗೆ ಎತ್ತಿಕೊಂಡು ಹೋಗಿ. ಸಿಕ್ಕದಿದ್ದರೆ ಸುಮ್ಮನೆ ಒರೆಸಿ.

ಒರೆಸುವಾಗಲೂ ಜಾಣತನ ಬೇಕು. ಅಮೋನಿಯಾ ಬೆರೆತ ದ್ರಾವಣದ ವಾಸನೆ ಮರಿಯ ಮೂಗಿಗೆ ಮೂತ್ರದಂತೆಯೇ ಇರುತ್ತದೆ. ಫಿನಾಯಿಲು ನಾಯಿಗೆ ವಿಷ. ಸಾಬೂನು ನೀರಿನಿಂದ ತೊಳೆದು, ಟೈಲ್ಸ್ ಆದರೆ ವಿನೆಗರ್ ಬೆರೆಸಿದ ನೀರಿನಿಂದ ಮತ್ತೊಮ್ಮೆ ಒರೆಸಿ. ವಾಸನೆ ಉಳಿದಲ್ಲಿ ಮರಿ ಮರಳಿ ಬರುತ್ತದೆ.

ಇಷ್ಟಾದರೂ ಮರಿ ಗಳಿಗೆಗೊಮ್ಮೆ ಹನಿ ಹನಿ ಉಚ್ಚೆ ಹೊಯ್ದರೆ, ಮುಕ್ಕಿದರೆ, ರಕ್ತ ಕಂಡರೆ ಅದು ಕಲಿಕೆಯ ದೋಷವಲ್ಲ, ಮೂತ್ರನಾಳದ ಸೋಂಕು ಇರಬಹುದು. ನಾರುವ ರಕ್ತಭೇದಿ, ವಾಂತಿ ಶುರುವಾದರೆ ಪಾರ್ವೊ ರೋಗದ ಶಂಕೆ. ಒಂದು ದಿನವೂ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಆರರಿಂದ ಎಂಟು ವಾರದಲ್ಲಿ ಲಸಿಕೆ ಆರಂಭಿಸಿ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲೇಬೇಕು. ಲಸಿಕೆಗಳು ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ಕಡೆ ಮರಿಯನ್ನು ನೆಲಕ್ಕೆ ಬಿಡದಿರಿ.

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಹೆಚ್ಚಿನ ಮರಿಗಳು ಐದಾರು ಗಂಟೆ ಒಂದೇ ನಿದ್ದೆ ಹೊಡೆಯುತ್ತವೆ. ಆರು ತಿಂಗಳಿಗೆ ಇಡೀ ರಾತ್ರಿ. ನಾಯಿ ನಿಮ್ಮೊಂದಿಗೆ ಇರುವುದು ಹತ್ತು ಹನ್ನೆರಡು ವರ್ಷ. ಅದರಲ್ಲಿ ನಿದ್ದೆಗೆಡಬೇಕಾದ್ದು ಏಳೆಂಟು ವಾರ. ಅಷ್ಟಕ್ಕೆ ಮನೆಯಲ್ಲಿ ಯಾರು ಏಳುತ್ತಾರೆ ಎಂಬುದನ್ನು ಮರಿ ತರುವ ಮೊದಲೇ ಕೂತು ತೀರ್ಮಾನಿಸಿ. ಏಳುವವರು ಯಾರೂ ಇಲ್ಲವೆಂದಾದರೆ ಮರಿಯ ಬದಲು ದೊಡ್ಡ ನಾಯಿಯನ್ನೇ ತನ್ನಿ. ಮೀನು ಮಾರ್ಕೆಟಿನ ದಾರಿ ಹಿಡಿಯುವ ಪ್ರಮೇಯವೇ ಬರುವುದಿಲ್ಲ.